ಗುರುಮಲ್ಲ ಸದ್ದು ಬೆಚ್ಚಗೆ ಮಾಡಿದ್ದು

ಹತ್ರ ಬಂದು ಕೂತ್ಕೊಳ್ಳಿ, ಹೇಳ್ತೀನಿ. ನಮ್ಮೂರ ಶಿವಮಲ್ಲವ್ವನಿಗೆ ಒಬ್ಬನೇ ಮಗ, ಗುರುಮಲ್ಲ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಬಾಗಿಲು ನೋಡ್ಕೊಂಡಿರ್ಲಾ" ಅಂದ್ರೆ ಬಾಗಿಲನ್ನೇ ದಿಟ್ಟಿಸ್ಕೊಂಡು ಕೂರೋನು. ಹಿತ್ತಲಿಂದ ಮೇಕೆ ನುಗ್ಗಿ ರಾಗಿ ತಿಂದ್ಕೊಂಡು ಹೋಗೋದು.

"ಇವನ್ನ ಕಟ್ಕೊಂಡು ಹೆಂಗಪ್ಪಾ ಬಾಳೋದು!" ಅಂತ ಅತ್ತು, ಅವ್ವ ಮಗನ್ನ ಕರ್ಕೊಂಡು ಮೈಸೂರಿಗೆ ಅಣ್ಣ ಮರಿಬಸಪ್ಪನ ಮನೆಗೆ ಬಂದ್ಲು. ಮರಿಬಸಪ್ಪಂದು ವಿಚಿತ್ರ ಕಸುಬು. ದೊಡ್ಡೋರ ದುಬಾರಿ ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು ಬಿಚ್ಚಿ, ಒಳಗಿನ ಸಾಮಾನು ಬದಲಾಯಿಸಿ, ಸದ್ದು ಇನ್ನೂ ಇಂಪು ಮಾಡೋದು.

"ಚೆನ್ನಾಗಿರೋದನ್ನ ಯಾಕಣ್ಣ ಬಿಚ್ತೀಯ?"

"ಕಂಪನಿಯೋರು ಎಲ್ಲಾರ್ಗೂ ಒಂದೇ ಅಳತೆ ಅಂಗಿ ಹೊಲೀತಾರೆ ಕಣವ್ವ. ನಾನು ಅವರವರ ಮೈಗೆ ಹಿಡಿಸ್ತೀನಿ."

ಒಂದಿನ ಮರಿಬಸಪ್ಪ ಪೇಟೆಗೆ ಹೋಗಿದ್ದ. ವಕೀಲರ ಹೆಂಡತಿ ಸರಸಮ್ಮ ಆಂಪ್ಲಿಫೈಯರ್ ತಂದಿಟ್ರು. "ಸದ್ದು ಸ್ವಚ್ಛವಾಗಿದೆಯಪ್ಪ, ಆದ್ರೆ ತಣ್ಣಗಿದೆ. ಒಂಚೂರು ಬೆಚ್ಚಗೆ ಮಾಡಿಕೊಡಿ."

"ಅದೇನ್ ಮಹಾ!" ಅಂದ ಗುರುಮಲ್ಲ. ಬಚ್ಚಲೊಲೆಗೆ ಸೌದೆ ತುಂಬಿದ, ಹಂಡೆ ಇಳಿಸಿದ, ಆಂಪ್ಲಿಫೈಯರ್ ಏರಿಸಿದ. ತಿರುಗಿಸೋ ಗುಂಡಿಗಳು ಕರಗಿ ಬೆಲ್ಲದ ಪಾಕ ಆದ್ವು!

ಅವ್ವ ಓಡಿಬಂದ್ಲು. "ಅಯ್ಯೋ ಮಂಕೇ! ಹುರಿಯಕ್ಕೆ ಅದೇನು ಹುರುಳಿಕಾಳಾ? ಏನೇ ತಂದ್ಕೊಟ್ರೂ ಮೊದ್ಲು ಬಿಚ್ಬೇಕು, ಒಳಗಿನ ಹಳೇದು ತೆಗ್ದು ಹೊಸದು ಹಾಕ್ಬೇಕು!"

"ಹಂಗೇ ಆಗ್ಲಿ ಕಣವ್ವ!"

ಮಾರನೇ ದಿನ ಲಲಿತಾಕ್ಷಿ ಟೀಚರ್ ಬಂದ್ರು. ಕೈಲಿ ಕಾಗದದ ಕವರು, ಕವರಿನೊಳಗೆ ಒಂದು ರೆಕಾರ್ಡು. "ತೀರ್ಕೊಂಡ ನಮ್ಮಪ್ಪ ಹಾಡಿದ್ದು. ಇರೋದು ಇದೊಂದೇ. ನಿಮ್ಮ ಮಾವ ಸರಿಮಾಡಿರೋ ಪ್ಲೇಯರಲ್ಲಿ ಕೇಳ್ಬೇಕು. ಸಂಜೆ ಬರ್ತೀನಿ."

ಗುರುಮಲ್ಲ ಕವರು ಬಿಚ್ಚಿದ. ಒಳಗಿನ ಹಳೇದು ತೆಗ್ದ, ಹೊಸಾ ಸಿನಿಮಾ ಹಾಡಿನ ರೆಕಾರ್ಡು ಹಾಕ್ದ. ಹಳೇದನ್ನ ಬೀದೀಲಿ ಹೋಗ್ತಿದ್ದ ಗುಜರಿಯವನ ಗಾಡಿಗೆ ಹಾಕ್ದ!

ಸಂಜೆ ಟೀಚರ್ ಬಂದು ಹಾಕಿಸಿದ್ರೆ ಸಿನಿಮಾ ಹಾಡು! "ಹಳೇದು ಗುಜರಿಗೆ ಹಾಕ್ದೆ" ಅಂದ ಗುರುಮಲ್ಲ. ಶಿವಮಲ್ಲವ್ವ ಸೆರಗು ಸಿಕ್ಕಿಸ್ಕೊಂಡು ಓಡಿದ್ಲು. ಈ ಬೀದಿ ಓಡಿದ್ಲು, ಆ ಬೀದಿ ಓಡಿದ್ಲು. ಕೊನೆಗೆ ಗುಜರಿಯವನ ಗಾಡೀಲಿ ತೂತು ಕೊಡಪಾನದ ಕೆಳಗಿತ್ತು ರೆಕಾರ್ಡು. ಪುಣ್ಯಕ್ಕೆ ಒಡೆದಿರಲಿಲ್ಲ.

ಮರಿಬಸಪ್ಪ ಅದನ್ನ ಪ್ಲೇಯರಲ್ಲಿ ಹಾಕಿ ಕೇಳಿಸ್ದ. ಅಪ್ಪ ಪಕ್ಕದ ಕೋಣೇಲೇ ಕೂತು ಹಾಡ್ದಂಗಿತ್ತು. ಹಾಡೋಕೆ ಮುಂಚೆ ಉಸಿರೆಳೆದದ್ದೂ ಕೇಳಿಸ್ತು. ಟೀಚರ್ ಸೆರಗಲ್ಲಿ ಮುಖ ಮುಚ್ಕೊಂಡ್ರು.

"ಕಂಡ್ಯಾ ಮಂಕೇ!" ಅಂದ್ಲು ಅವ್ವ. "ಹಳೇದಂದ್ರೆ ದೇವ್ರು! ಪೆಟ್ಟಿಗೆ ಹಾಡ್ತಿದ್ರೆ ಮುಟ್ಬೇಡ, ಕೈಮುಗಿದು ಸುಮ್ನೆ ಕೂತ್ಕೋ!"

"ಹಂಗೇ ಆಗ್ಲಿ ಕಣವ್ವ!"

ಇನ್ನೊಂದಿನ ಮರಿಬಸಪ್ಪ ಹೊಸ ಸಾಮಾನು ಜೋಡಿಸಿದ್ದ ಆಂಪ್ಲಿಫೈಯರ್‌ನ ಹಾಡಕ್ಕೆ ಬಿಟ್ಟು ಊಟಕ್ಕೆದ್ದ. ಪೆಟ್ಟಿಗೆ ಹಾಡ್ತು, ಬಿಸಿಯಾಯ್ತು, ಹೊಗೆ ಬಿಡ್ತು. ಗುರುಮಲ್ಲ ಕೈಮುಗಿದು ಕೂತಿದ್ದ. ಕಿಟಕಿ ಪರದೆ ಹತ್ಕೊಳ್ತು. ಆಗ್ಲೂ ಕೈಮುಗಿದು ಕೂತಿದ್ದ!

ಮರಿಬಸಪ್ಪ ಎಂಜಲು ಕೈಲೇ ಬಂದು ಬೆಂಕಿ ಆರಿಸಿದ. "ಲೇ ಬೆಪ್ಪೇ! ಹೊಗೆ ಕಂಡ್ರೆ ವೈರ್ ಕಿತ್ತು ಬಿಸಾಕು, ಮೂಲೇಲಿ ಎರಡು ಬಕೆಟ್ ಮರಳು ಇಡ್ತೀನಿ, ಮೇಲೆ ಸುರಿ! ಇನ್ನೊಂದ್ಸಲ ತಪ್ಪಿದ್ರೆ ಊರಿನ ಬಸ್ ಹತ್ತಿಸ್ಬಿಡ್ತೀನಿ!"

"ಇದೊಂದು ಮಾತು ಮರೀಬೇಡ ಕಂದಾ!" ಅಂತ ಅವ್ವ ಗಲ್ಲ ಹಿಡಿದ್ಲು.

"ಹಂಗೇ ಆಗ್ಲಿ ಕಣವ್ವ!"

ಆಮೇಲೆ ಬಂದ್ರು ಸೌದೆ ಡಿಪೋ ಸಿದ್ದವೀರಪ್ಪನವರು. ವಯಸ್ಸಾದ ಯಜಮಾನ್ರು. ಕಿವೀಲಿ ಕಿವುಡಿನ ಮಿಷನ್ನು, ಅದರ ವೈರು ಅಂಗಿ ಜೇಬಿಗೆ ಇಳಿದಿತ್ತು. ಅವರ ಫಾರಿನ್ ಪ್ಲೇಯರನ್ನ ಮರಿಬಸಪ್ಪ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಸುಸ್ತಾಗಿದ್ದ.

"ಹಾಡಿನ ಹಿಂದೆ ಕರಕರ ಅನ್ನುತ್ತೆ ಮರಿಬಸಪ್ಪ! ಇವತ್ತೂ ಅಂದ್ರೆ, ನಿನ್ನ ಕಸುಬೆಲ್ಲ ಬರೀ ಬುರುಡೆ ಅಂತ ಊರಿಗೇ ಸಾರ್ತೀನಿ!"

ಮರಿಬಸಪ್ಪ ಸೂಜಿ ಒರೆಸ್ದ. ಪ್ಲೇಯರ್ ಹಾಕ್ದ. ಯಜಮಾನ್ರು ಚುಟ್ಟ ಹಚ್ಚಿ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿದ್ರು. "ಇದೆ! ಕರಕರ ಇನ್ನೂ ಇದೆ!"

ಗುರುಮಲ್ಲ ನೋಡ್ದ. ಹೊಗೆ! ಇನ್ನೂ ನೋಡ್ದ. ವೈರು! ಕಿವಿಯ ವೈರು ಕಿತ್ತ, ಮಿಷನ್ ಸಮೇತ ಕಿಟಕಿಯಾಚೆ ಬಿಸಾಕ್ದ, ಬಕೆಟ್ ಎತ್ತಿ ಯಜಮಾನ್ರ ತಲೆ ಮೇಲೆ ಮರಳು ದಬದಬ ಸುರಿದೇಬಿಟ್ಟ!

ಮರಿಬಸಪ್ಪ ಕಲ್ಲಾದ. ಶಿವಮಲ್ಲವ್ವ ಹಣೆ ಚಚ್ಕೊಂಡ್ಲು. ಪ್ಲೇಯರ್ ಮಾತ್ರ ಮನೆ ಅದುರೋ ಹಂಗೆ ಹಾಡ್ತಿತ್ತು.

ಯಜಮಾನ್ರು ಬೈಯೋಕೆ ಬಾಯಿ ತೆರೆದ್ರು. ಹಂಗೇ ನಿಂತ್ರು. ಕಿವಿಗೆ ಕೈ ಒಡ್ಡಿದ್ರು. ಮುಖ ಅರಳ್ತು.

"ಹೋಯ್ತು ಕಣಯ್ಯಾ ಕರಕರ! ಒಂಚೂರೂ ಇಲ್ಲ! ಇಷ್ಟು ನಿಶ್ಶಬ್ದವಾಗಿ ಹಾಡೋ ಪ್ಲೇಯರನ್ನ ನನ್ನ ಜನ್ಮದಲ್ಲೇ ಕೇಳಿಲ್ಲ! ನಿನ್ನ ಅಳಿಯ ನಿನಗಿಂತ ಗಟ್ಟಿಗ!"

ಮರಿಬಸಪ್ಪ ಏನೋ ಹೇಳೋಕೆ ಹೋದ. ತಂಗಿ ಅವನ ಬಾಯಿ ಮುಚ್ಚಿದ್ಲು.

ಯಜಮಾನ್ರು ಮೀಸೆ ಮರಳು ಕೊಡವಿ, ಖುಷಿಯಾಗಿ ಇನ್ನೊಂದು ಚುಟ್ಟ ಹಚ್ಚಿದ್ರು.

"ಮಾವಾ, ಇನ್ನೂ ಆರಿಲ್ಲ!" ಅಂತ ಗುರುಮಲ್ಲ ಎರಡನೇ ಬಕೆಟ್ ಎತ್ತಿದ.