ಅಮ್ಮನ ಅಳತೆ

ನದಿಯ ದಡದ ಮರಳು ಇನ್ನೂ ಒದ್ದೆಯಾಗಿತ್ತು. ನೀರಿನ ಮೇಲೆ ಮಂಜು ಕೂತಿತ್ತು. ಎದುರು ದಡ ಕಾಣುತ್ತಿರಲಿಲ್ಲ. ಇದೆ ಎಂದು ನಂಬಿಕೊಳ್ಳಬೇಕಿತ್ತು ಅಷ್ಟೆ.

ದೇಮಯ್ಯ ಬಿದಿರಿನ ಕಡ್ಡಿ ಹಿಡಿದು ಮರಳಿನ ಮೇಲೆ ಹೆಂಗಸೊಬ್ಬಳನ್ನು ಬರೆಯುತ್ತಿದ್ದ. ಬರೆದು, ಅಳತೆ ನೋಡಿ, ಅಳಿಸುತ್ತಿದ್ದ. ಬೆಳಗಿನಿಂದ ಇವಳು ಏಳನೆಯವಳು.

ಬೊಪ್ಪೋಜ ಗುರುಗಳ ಆಶ್ರಮದಲ್ಲಿ ಚಿತ್ರ ಕಲಿಯಲು ಬಂದವರಿಗೆ ಮೊದಲ ಪಾಠವೇ ಅಳತೆ. ಗದ್ದದಿಂದ ಹಣೆಯ ಕೂದಲಂಚಿನವರೆಗೆ ಒಂದು ಮುಖ. ಮನುಷ್ಯರ ಎತ್ತರ ಎಂಟು ಮುಖ, ದೇವರದ್ದು ಒಂಬತ್ತು. ದೇಮಯ್ಯ ಆರು ವರ್ಷ ಇದನ್ನೇ ತಿದ್ದಿದ್ದ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಮೊಣಕಾಲು ಎಲ್ಲಿ ಬರಬೇಕೆಂದು ತಡವರಿಸದೆ ಹೇಳುತ್ತಿದ್ದ.

ಗುರುಗಳು ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಬಂದರು.

“ಯಾರಯ್ಯಾ ಇವರು?”

“ನಮ್ಮಮ್ಮ ಆಗಬೇಕಿತ್ತು, ಗುರುಗಳೇ. ಆಗ್ತಿಲ್ಲ.”

“ಅಳತೆ ತಪ್ಪಿದೆಯಾ?”

“ಇಲ್ಲ, ಅದೇ ಕಷ್ಟ. ಎಂಟು ಮುಖಕ್ಕೆ ಬರೆದರೆ ಯಾರೋ ಹೆಂಗಸು. ಒಂಬತ್ತಕ್ಕೆ ಬರೆದರೆ ಗುಡಿಯ ದೇವಿ. ನಮ್ಮಮ್ಮ ಇಬ್ಬರೂ ಅಲ್ಲ.”

ಅವನ ತಂಗಿ ಸೋವಿಯನ್ನು ಹೆತ್ತ ದಿನವೇ ತಾಯಿ ಹೋಗಿದ್ದಳು. ಬರುವ ತಿಂಗಳು ಸೋವಿಯ ಮದುವೆ. ‘ಅಣ್ಣಾ, ಅಮ್ಮ ಹೇಗಿದ್ದಳು ಅಂತ ಒಂದು ಸಲ ತೋರಿಸು’ ಎಂದಿದ್ದಳು. ಬೇರೇನನ್ನೂ ಕೇಳಿರಲಿಲ್ಲ. ತೋರಿಸಬಲ್ಲವನು ಇವನೊಬ್ಬನೇ, ಇವನಲ್ಲೂ ಆ ಮುಖ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಿತ್ತು. ದೇಮಯ್ಯನಿಗೆ ಭಯವಾಗಿತ್ತು.

“ಎತ್ತರದ ಹೆಂಗಸಾ?” ಗುರುಗಳು ಕೇಳಿದರು.

“ತುಂಬ ಎತ್ತರ. ತಲೆಯೆತ್ತಿ ನೋಡಬೇಕಿತ್ತು.”

“ಆಗ ನಿನಗೆಷ್ಟು ವರ್ಷ?”

“ಐದು.”

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಒತ್ತಿದರು. ಅವನು ಮಂಡಿಯೂರಿ ಕೂತ. ಅವರು ಎದುರಿಗೆ ನಿಂತರು.

“ಈಗ ನನ್ನ ಅಳತೆ ತಗೋ.”

ಬೊಪ್ಪೋಜರು ಕುಳ್ಳರು. ಶಿಷ್ಯರು ಬೆನ್ನ ಹಿಂದೆ ಅವರನ್ನು ‘ಏಳೂವರೆ’ ಎಂದೇ ಕರೆಯುತ್ತಿದ್ದರು. ದೇಮಯ್ಯ ಒಂದು ಕಣ್ಣು ಮುಚ್ಚಿ, ಕಡ್ಡಿ ಚಾಚಿ, ಕೆಳಗಿನಿಂದ ಅಳೆಯುತ್ತ ಹೋದ. ಮಂಜಿನೊಳಗೆ ಗುರುಗಳ ಕಾಲು ಬೆಳೆಯುತ್ತಲೇ ಇತ್ತು. ಮುಖ ಎಲ್ಲೋ ಮೇಲೆ, ಪುಟ್ಟದಾಗಿ, ತೇಲುತ್ತಿತ್ತು.

“ಒಂಬತ್ತು... ಅಲ್ಲ, ಹತ್ತು, ಗುರುಗಳೇ!”

“ಪರವಾಗಿಲ್ಲವೇ! ನಿಮ್ಮ ಏಳೂವರೆ ಬೆಳೆದುಬಿಟ್ಟ.”

ದೇಮಯ್ಯನ ಕಿವಿ ಕೆಂಪಾಯಿತು. ಆದರೆ ನಗು ಬರಲಿಲ್ಲ.

“ಹಾಗಾದರೆ ನಾನು ಅಮ್ಮನನ್ನು ಸರಿಯಾಗಿ ನೋಡೇ ಇಲ್ವಾ? ಸೋವಿಗೆ ಏನು ತೋರಿಸಲಿ? ನನ್ನ ಹತ್ತಿರ ಇರೋದೆಲ್ಲ ಸುಳ್ಳೇನಾ?”

“ನೀನು ಬಿದ್ದು ಅತ್ತರೆ ಅವಳು ಏನು ಮಾಡ್ತಿದ್ದಳು?”

ದೇಮಯ್ಯ ನೀರಿನ ಕಡೆ ತಿರುಗಿದ. ಮಂಜು ಸರಿಯುತ್ತಿತ್ತೋ ಕವಿಯುತ್ತಿತ್ತೋ ತಿಳಿಯಲಿಲ್ಲ.

“ಓಡಿ ಬರ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನೆದುರು ಕುಕ್ಕರುಗಾಲಲ್ಲಿ ಕೂತು, ‘ಎಲ್ಲಿ, ನೋಡೋಣ’ ಅಂತಿದ್ದಳು. ಮುಖ ಇಷ್ಟು ಹತ್ತಿರ. ಎಡಹುಬ್ಬಿನ ಮೇಲೆ ಮಚ್ಚೆ... ಗುರುಗಳೇ, ಮಚ್ಚೆ ಇತ್ತು! ಮರೆತೇಬಿಟ್ಟಿದ್ದೆ.”

ಅವನು ಅಳುತ್ತಿದ್ದ. ಕಡ್ಡಿ ಕೈಯಿಂದ ಜಾರಿತ್ತು.

ಗುರುಗಳು ಬಗ್ಗಿ, ಮರಳಿನ ಮೇಲೆ ನಿಂತಿದ್ದ ಹೆಂಗಸನ್ನು ಅಂಗೈಯಿಂದ ಮೆಲ್ಲಗೆ ಸವರಿ ಅಳಿಸಿದರು.

“ನಿನಗೋಸ್ಕರ ಕೂತವಳನ್ನ ಇಷ್ಟು ದಿನ ಯಾಕಪ್ಪಾ ನಿಲ್ಲಿಸಿ ಇಟ್ಟಿದ್ದೆ?”