ವಕೀಲನಿಗೆ ಕೊಟ್ಟ ದನಿ

“ಬುದ್ಧೀ, ಗೆದ್ದವರು ತಮ್ಮ ವಕೀಲರ ಖರ್ಚನ್ನು ಸೋತವರಿಂದ ವಸೂಲು ಮಾಡುವುದು ತಪ್ಪೇ?” ಎಂದು ಚೆನ್ನವೀರಮ್ಮ ಗುರುಗಳನ್ನು ಕೇಳಿದಳು.

ಅವಳು ಒಬ್ಬಳೇ ದುಡಿದು ಕಟ್ಟಿದ ಎಣ್ಣೆ ಗಿರಣಿಯಲ್ಲಿ ತನಗೂ ಪಾಲಿದೆ ಎಂದು ತಮ್ಮ ದಾವೆ ಹೂಡಿದ್ದ. ‘ಬೀದಿಗೆ ತರದೆ ಬಿಡುವುದಿಲ್ಲ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಅವಳು ಹಟ ಹಿಡಿದು ಬೆಂಗಳೂರಿನಿಂದ ಹಿರಿಯ ವಕೀಲರನ್ನೇ ಕರೆಸಿ ಗೆದ್ದಳು. ಈಗ ಅವರ ಫೀಸನ್ನೂ ತಮ್ಮನೇ ತುಂಬಿಕೊಡಬೇಕೆಂದು ಅರ್ಜಿ ಬರೆಸಿದ್ದಳು. ತುಂಬಬೇಕಾದರೆ ಅವನು ಇರುವ ಮನೆ ಮಾರಬೇಕು. ಅರ್ಜಿಗೆ ಅವಳ ಸಹಿ ಒಂದೇ ಬಾಕಿ.

ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಅವನಿಗೂ ಪಕ್ಕದ ಮನೆಯವನಿಗೂ ನಡುಗೋಡೆಯ ವ್ಯಾಜ್ಯ. ಗೋಡೆ ವ್ಯಾಪಾರಿಯದೇ, ಆದರೂ ಅವನಿಗೆ ಭಯ. ಆ ಸೀಮೆಯಲ್ಲಿ ಒಬ್ಬ ದೊಡ್ಡ ವಕೀಲನಿದ್ದ. ಅವನು ಸೋತದ್ದೇ ಇಲ್ಲ. ಹಣ ಮುಟ್ಟುತ್ತಿರಲಿಲ್ಲ, ಕಕ್ಷಿಗಾರನ ದನಿಯನ್ನು ತೆಗೆದುಕೊಳ್ಳುತ್ತಿದ್ದ.

ವ್ಯಾಪಾರಿ ಕೊಟ್ಟ. ಆ ಗಳಿಗೆಯಿಂದ ಅವನ ತುಟಿ ಆಡಿದರೂ ಸದ್ದು ಬರಲಿಲ್ಲ. ನ್ಯಾಯಸ್ಥಾನದಲ್ಲಿ ವಕೀಲ ವ್ಯಾಪಾರಿಯ ದನಿಯಲ್ಲೇ ವಾದಿಸಿದ. ಗೋಡೆ ಉಳಿಯಿತು. ದನಿ ವಕೀಲನ ಜೊತೆ ಹೋಯಿತು.

ವ್ಯಾಪಾರಿ ನ್ಯಾಯಾಧೀಶನ ಮುಂದೆ ಸನ್ನೆಯಲ್ಲೇ ಖರ್ಚು ಬೇಡಿ ಕೈಮುಗಿದು ನಿಂತ.

“ಒಂದು ಗೋಡೆಗೆ ಅಷ್ಟು ದೊಡ್ಡವನು ಬೇಕಿತ್ತೇ? ನಿನ್ನ ಮಾತು ಸಾಲುತ್ತಿರಲಿಲ್ಲವೇ?” ಎಂದು ನ್ಯಾಯಾಧೀಶ ಕೇಳಿದ.

ಸಾಲುತ್ತಿರಲಿಲ್ಲ ಎಂದು ವ್ಯಾಪಾರಿ ತಲೆಯಾಡಿಸಿದ.

“ಹಾಗಾದರೆ ಖರ್ಚು ಸೋತವನದು. ಹೋದದ್ದು ದನಿ, ಬರುವುದೂ ದನಿ.”

ಪಕ್ಕದ ಮನೆಯವನ ಗಂಟಲು ಬರಿದಾಯಿತು. ವ್ಯಾಪಾರಿಯ ಗಂಟಲು ತುಂಬಿತು.

ಅವನು ಹಿಗ್ಗುತ್ತ ಬಂದು ತನ್ನ ಮನೆಯ ಬಾಗಿಲು ತಟ್ಟಿದ. “ತೆಗೆಯೇ, ನಾನು. ಗೆದ್ದು ಬಂದೆ.”

ಒಳಗೆ ಅಗಳಿ ಬಿದ್ದ ಸದ್ದು ಕೇಳಿತು. “ಸೋತ ಮೇಲೂ ನಮ್ಮ ಹೊಸ್ತಿಲಿಗೆ ಬಂದೆಯಾ, ನಾಚಿಕೆಗೆಟ್ಟವನೇ! ನಮ್ಮವರು ಬರಲಿ, ತಾಳು,” ಎಂದಳು ಹೆಂಡತಿ. ಅವನು ಮಗುವಿನ ಹೆಸರು ಹಿಡಿದು ಕರೆದ. ಹಗೆಯ ದನಿಯಲ್ಲಿ ತನ್ನ ಹೆಸರು ಕೇಳಿ ಮಗು ಚೀರಿತು. ಕರೆದಷ್ಟೂ ಚೀರಿತು.

ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಆ ಮನೆಯ ಕುರುಡಿ ಮುದುಕಿ ಕೈ ಚಾಚಿ ನಿಂತಿದ್ದಳು.

“ಅಲ್ಲೇನು ಮಾಡ್ತೀಯೋ, ಮಗನೇ? ಎಲೆ ಹಾಕಿದೆ, ಬಾ.”

“ನಾನು ನಿನ್ನ ಮಗನಲ್ಲ!”

ಮುದುಕಿ ನಕ್ಕಳು. “ಕೋಪ ಬಂದಾಗಲೆಲ್ಲ ನೀನು ಹೀಗೇ ಅನ್ನೋದು.”

ಅವಳ ಬೆನ್ನ ಹಿಂದೆ, ನಿಜವಾದ ಮಗ ಎಲೆಯ ಮುಂದೆ ಕೂತು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚೆನ್ನವೀರಮ್ಮ ಒಂದು ಕತೆಗೆ ಸೋಲುವ ಹೆಂಗಸಲ್ಲ. ಅರ್ಜಿಯನ್ನು ನೆಲದ ಮೇಲೆ ಬಿಡಿಸಿ ಅಂಗೈಯಿಂದ ಸುಕ್ಕು ನೀವಿದಳು.

“ಅವನು ಕೊಟ್ಟದ್ದು ದನಿ, ಬುದ್ಧೀ. ನಾನು ಕೊಟ್ಟದ್ದು ಬೆವರು ಸುರಿಸಿದ ದುಡ್ಡು. ಬೀದಿಗೆ ತರದೆ ಬಿಡುವುದಿಲ್ಲ.”

ಗುರುಗಳು ಯಾರೋ ಒಳಗೆ ಬಂದರೆಂಬಂತೆ ಬಾಗಿಲ ಕಡೆ ತಿರುಗಿದರು.

“ನಿನ್ನ ತಮ್ಮ ಯಾವಾಗ ಬಂದ, ತಾಯಿ?”