ಐದನೆಯ ಓಲೆ

"ಗುರುಗಳೆ, ಹನ್ನೆರಡು ವರ್ಷ ಕಣ್ಣು ಸವೆಸಿ ಕಂಡುಕೊಂಡದ್ದನ್ನು ಎಲ್ಲರ ಕೈಗೂ ಪೂರ್ತಿಯಾಗಿ ಕೊಟ್ಟುಬಿಡಬೇಕೆ?" ಎಂದು ಶಿಷ್ಯ ಕೇಳಿದ. "ಅರೆಬರೆ ಕಲಿತವರು ಅದನ್ನು ಕೆಡಿಸಿಬಿಟ್ಟಾರೆಂದು ಭಯವಾಗುತ್ತದೆ. ಮುಖ್ಯವಾದ ಒಂದು ಮಾತನ್ನಾದರೂ ನಮ್ಮಲ್ಲೇ ಇಟ್ಟುಕೊಂಡರೆ ತಪ್ಪೇನು?"

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಆ ಸೀಮೆಯಲ್ಲಿ ಒಂದು ಜ್ವರ ಬರುತ್ತಿತ್ತು. ಮೊದಲು ನಾಲಿಗೆ ಬೀಳುತ್ತಿತ್ತು, ಆಮೇಲೆ ಕೈಕಾಲು, ಮೂರನೆಯ ದಿನ ಉಸಿರು. ವೈದ್ಯ ಹನ್ನೆರಡು ವರ್ಷ ಕಾಡು ಅಲೆದು ಅದಕ್ಕೊಂದು ಬೇರು ಕಂಡುಹಿಡಿದ. ಮದ್ದು ಮಾಡುವ ಕ್ರಮವನ್ನು ಒಂಬತ್ತು ತಾಳೆಯೋಲೆಗಳಲ್ಲಿ ಬರೆದ.

ತನ್ನ ಹೆಸರು ನಾಡೆಲ್ಲ ಹಬ್ಬಬೇಕು, ರೋಗಿಗಳು ಮಾತ್ರ ತನ್ನ ಬಾಗಿಲಿಗೇ ಬರಬೇಕು ಎಂಬುದು ಅವನ ಆಸೆ. ಜಾಣ, ಎರಡಕ್ಕೂ ದಾರಿ ಹುಡುಕಿದ. ಐದನೆಯ ಓಲೆಯನ್ನು ಕಟ್ಟಿನಿಂದ ಎಳೆದುಕೊಂಡ. ಬೇರನ್ನು ಮೂರು ಸಲ ಕುದಿಸಿ ಮೂರು ಸಲವೂ ನೀರು ಚೆಲ್ಲಬೇಕು, ಇಲ್ಲದಿದ್ದರೆ ಅದು ವಿಷ ಎಂದು ಅದರಲ್ಲಿತ್ತು. ಉಳಿದವನ್ನು ಹೊಸದಾಗಿ ಬರೆದು, ಒಂದರಿಂದ ಎಂಟರವರೆಗೆ ಅಂಕಿ ಹಾಕಿ, ನಕಲು ಮಾಡುವವರಿಗೆ ಕೊಟ್ಟ. ಐದನೆಯದನ್ನು ಸುಡಲು ಮನಸ್ಸು ಬರಲಿಲ್ಲ, ಮನೆಯಲ್ಲಿಡಲು ಧೈರ್ಯ ಬರಲಿಲ್ಲ. ಸುರುಳಿ ಸುತ್ತಿ ತಾಯಿತದೊಳಗೆ ತುರುಕಿ ಕೊರಳಿಗೆ ಕಟ್ಟಿಕೊಂಡ.

ನಕಲುಗಳು ಊರೂರು ಸೇರಿದವು. ಅವನ್ನು ನೋಡಿ ಮದ್ದು ಕೊಟ್ಟಲ್ಲೆಲ್ಲ ರೋಗಿಗಳು ಸತ್ತರು. ಆ ಜ್ವರಕ್ಕೆ ಸಾಯುವುದು ಹೊಸತಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. "ಮದ್ದೇನೋ ಅದೇ, ಅವರ ಕೈಗುಣ ನಮಗೆಲ್ಲಿಂದ ಬರಬೇಕು?" ಎಂದು ಉಳಿದ ವೈದ್ಯರು ಕೈಮುಗಿದರು. ಅವನು ಆ ಮಾತಿಗೆ ತಲೆದೂಗಿದ, ನಾಚಿಕೆಗೆಟ್ಟವನು.

ಒಮ್ಮೆ ದೂರದ ಊರಿಗೆ ಹೊರಟವನಿಗೆ ದಾರಿಯಲ್ಲಿ ಅದೇ ಜ್ವರ ಬಂತು. ಗುರುತಿಲ್ಲದ ಹಳ್ಳಿಯ ಜಗಲಿಯ ಮೇಲೆ ಕುಸಿದಾಗ ನಾಲಿಗೆ ಆಗಲೇ ಬಿದ್ದುಹೋಗಿತ್ತು. ಆ ಹಳ್ಳಿಯಲ್ಲಿ ಮದ್ದು ಕೊಡುತ್ತಿದ್ದವಳು ಒಬ್ಬ ಹೆಂಗಸು. ಅವಳು ಓಲೆಯ ಕಟ್ಟು ಹಿಡಿದು ಓಡಿಬಂದಳು.

"ಹೆದರ್ಬೇಡಿ ಯಜಮಾನ್ರೇ," ಎಂದಳು. "ಇದು ದೊಡ್ಡ ವೈದ್ಯರ ಓಲೆ. ಹೋದ್ಸಲ ನನ್ನ ಮಗಳನ್ನ ಉಳಿಸ್ಕೊಳ್ಳಕ್ಕಾಗ್ಲಿಲ್ಲ. ನಾನೇ ಎಲ್ಲೋ ತಪ್ಪು ಮಾಡ್ದೆ. ಈ ಸಲ ಒಂದಕ್ಷರ ಆಚೀಚೆ ಆಗದಂಗೆ ಮಾಡ್ತೀನಿ."

ಅವಳು ಬೆಂಕಿಯ ಮೇಲಿಟ್ಟ ಮಡಕೆಯನ್ನೇ ನೋಡುತ್ತ ಮಲಗಿದ. ಬೇರು ಬಿತ್ತು, ನೀರು ಕುದಿಯಿತು. ಚೆಲ್ಲು ತಾಯಿ, ಚೆಲ್ಲು ಎಂದು ಒಳಗೇ ಕೂಗಿಕೊಂಡ. ಅವಳು ಮಡಕೆ ಇಳಿಸಿದಳು. ಅವನಿಗೆ ಹೋದ ಜೀವ ಬಂದಂತಾಯಿತು. ಅವಳು ಓಲೆಯ ಮೇಲೆ ಬೆರಳಿಟ್ಟು ಓದಿಕೊಂಡು, ಅದೇ ನೀರಿಗೆ ಜೇನು ಬೆರೆಸಿದಳು.

ಅವನ ಕೈಯಲ್ಲಿ ಇನ್ನೂ ಸ್ವಲ್ಪ ಕಸುವಿತ್ತು. ಅದನ್ನು ತಾಯಿತದವರೆಗೆ ಎಳೆದ. ಬೆರಳುಗಳು ಮುಚ್ಚಳ ತೆಗೆಯಲಾರದೆ ತಡಕಾಡಿದವು. ಅದನ್ನು ಕಂಡು ಅವಳ ಕಣ್ಣು ತುಂಬಿತು. ತಾಯಿತವನ್ನೆತ್ತಿ ಅವನ ಕಣ್ಣಿಗೊತ್ತಿ, "ದೇವ್ರು ಕಾಪಾಡ್ತಾನೆ" ಎಂದಳು.

ಬಟ್ಟಲು ತುಟಿಗೆ ಬಂತು. ಅವನು ಹಲ್ಲು ಕಚ್ಚಿ ತಲೆಯಾಡಿಸಿದ. ಅವಳು ಅನುಮಾನಿಸಿ, ಕೊನೆಯ ಓಲೆಯನ್ನು ಎತ್ತಿ ಗಟ್ಟಿಯಾಗಿ ಓದಿದಳು: "ರೋಗಿಯು ಮದ್ದನ್ನು ಬೇಡವೆನ್ನುವನು. ಕೇಳಕೂಡದು. ಹಿಡಿದು ಕುಡಿಸತಕ್ಕದ್ದು."

ಅವನೇ ಬರೆದ ಮಾತು. ಇಬ್ಬರು ಗಂಡಸರು ಬಂದು ಅವನ ತಲೆಯನ್ನು ಹಿಡಿದುಕೊಂಡರು.

"ಆ ತಾಯಿತ ಏನಾಯಿತು, ಗುರುಗಳೆ?" ಎಂದು ಶಿಷ್ಯ ಕೇಳಿದ.

"ದೇವರ ಸೊತ್ತೆಂದು ಅವನ ಕೊರಳಲ್ಲೇ ಬಿಟ್ಟು ಮಣ್ಣು ಮಾಡಿದರು; ಇನ್ನು ಅದನ್ನು ಅರೆಬರೆ ಕಲಿತವರು ಯಾರೂ ಕೆಡಿಸಲಾರರು."